ಬುಡನ್‌ಸಾಬನ ಗ್ಯಾರಂಟಿ

ಹೆಬಸೂರ ವಕೀಲರ ಕಾರಿಗೆ ನಡುರಸ್ತೆಯಲ್ಲಿ ತಾನಾಗಿಯೇ ಬಂದ್ ಬೀಳುವ ಜಡ್ಡಿತ್ತು. ಗ್ಯಾರೇಜಿನ ಬುಡನ್‌ಸಾಬ ಅದನ್ನು ರಿಪೇರಿ ಮಾಡಿ, ಬ್ರೇಕನ್ನೂ ಹೊಸದು ಹಾಕಿ, "ಇನ್ನ ಚಿಂತಿ ಬಿಡ್ರಿ" ಎಂದು ಕೊಟ್ಟು ಕಳಿಸಿದ್ದ. ಮರುದಿನವೇ ವಕೀಲರು ಮೂತಿ ನಗ್ಗಿದ ಕಾರನ್ನು ಓಡಿಸಲು ಅಂಜಿ ನಾಲ್ಕು ಮಂದಿಯಿಂದ ದೂಡಿಸಿಕೊಂಡು ಬಂದರು.

"ಬ್ರೇಕ್ ಹಿಡೀಲಿಲ್ಲ. ಹೋಗಿ ಗೇಟಿನ ಕಂಬಕ್ಕ ಹೊಡೀತು. ಇದರ ಖರ್ಚೆಲ್ಲ ನಿಂದು."

"ಬ್ರೇಕ್ ಬರೋಬ್ಬರಿ ಅದರಿ. ನೀವ ಗಾಬರ್ಯಾಗಿ ಎಕ್ಸಲೇಟರ್ ಒತ್ತೀರಿ."

"ಕೋರ್ಟಿಗೆ ಎಳೀತೀನಿ ನಿನ್ನ!"

ದೂಡಿದವರೆಲ್ಲ ಸುತ್ತ ನಿಂತು ನೋಡತೊಡಗಿದರು. ಬುಡನ್‌ಸಾಬನಿಗೆ ಮೈಯೆಲ್ಲ ಉರಿಯಿತು. ಅವನ ಕೈಕೆಲಸಕ್ಕೆ ಈವರೆಗೆ ಯಾರೂ ಕುಂದು ತೆಗೆದು ಹೆಸರಿಟ್ಟಿರಲಿಲ್ಲ. ಸೀದಾ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತ.

"ಬರ್ರಿ, ನನ್ನ ಮ್ಯಾಲೇ ಬಿಡ್ರಿ ಗಾಡಿ. ಬ್ರೇಕ್ ಹಿಡೀಲಿಲ್ಲಂದ್ರ ನನ್ನ ಹೆಣದ ಮ್ಯಾಲೆ ಕೇಸ್ ಹಾಕ್ರಿ."

"ಹುಚ್ಚ ಹಿಡದದೇನು ನಿನಗ? ಸರಿ ಆ ಕಡೆ!"

"ಯಾಕ್ರಿ, ಖೊಟ್ಟಿ ಕೇಸು ಬಿದ್ದು ಹೋಗ್ತದಂತ ಅಂಜಿಕಿ ಏನ್ರಿ?"

ಆ ಮಾತು ವಕೀಲರಿಗೆ ನಾಟಿತು. ಹತ್ತಿ ಕೂತು, ಮೊದಲ ಗೇರಿನಲ್ಲಿ ಕಾರು ಬಿಟ್ಟರು. ಅದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಬುಡನ್‌ಸಾಬನ ಮೊಣಕಾಲಿಗೆ ಗೇಣಿನಷ್ಟು ದೂರದಲ್ಲಿ ಗಕ್ಕನೆ ನಿಂತಿತು.

ಮಂದಿ ಚಪ್ಪಾಳೆ ತಟ್ಟಿದರು. ಬುಡನ್‌ಸಾಬ ಮೀಸೆ ತಿರುವಿದ.

"ಈಗೇನಂತೀರಿ ವಕೀಲ್‌ಸಾಹೇಬ್ರ?"

ವಕೀಲರು ಬೆವೆತು ಕೆಳಗಿಳಿದರು.

"ಬ್ರೇಕ್ ಹಿಡೀಲೇ ಇಲ್ಲೋ ಮಾರಾಯಾ. ಗಾಡಿ ಮೊದಲಿನಂಗ ತಾನ ಬಂದ್ ಬಿತ್ತು."