ರೆಕ್ಕೆಯ ಮೇಲಿನ ಅಂಕಿ

ಬಲೆಗೆ ಬಿದ್ದ ಚಿಟ್ಟೆಯ ರೆಕ್ಕೆ ಮಗುಚಿ ನೋಡಿದಾಗ ಬಾವ್-ಚು ಹಿಗ್ಗಿಹೋದಳು. ರೆಕ್ಕೆಯ ಅಡಿಯಲ್ಲಿ ಬಿಳಿ ಶಾಯಿಯ ಅಂಕಿ! ಕನ್ನಡಕ ಸರಿಮಾಡಿಕೊಂಡು ಓದಿದಳು. ಮೂವತ್ತೊಂದು. ಉಕ್ಕಿ ಬಂದ ಸಂತೋಷವೆಲ್ಲ ಹೊಟ್ಟೆಗಿಳಿದು ಉರಿಯತೊಡಗಿತು.

ಮೂವತ್ತೊಂದನೇ ನಂಬರಿನ ಸದಸ್ಯೆ ಎಂದರೆ ವೆನ್-ಚಿ, ಹಲ್ಲಿನ ಡಾಕ್ಟರ ಹೆಂಡತಿ. ಚಿಟ್ಟೆ ಸಂಘಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಇವತ್ತು ಎಲ್ಲರನ್ನೂ ತೈವಾನಿನ ಈ ಉತ್ತರದ ಗುಡ್ಡಕ್ಕೆ ಕರೆತಂದ ಬಸ್ಸು ಅವಳ ದಾನ, ಕೈಯಲ್ಲಿನ ಬಲೆ ಅವಳ ದಾನ, ಕೊನೆಗೆ ಬಾವ್-ಚುವಿನ ತಲೆಯ ಮೇಲಿನ ಟೋಪಿಯೂ ಅವಳದೇ ದಾನ. ಅಂಚೆ ಕಚೇರಿಯ ಪಿಂಚಣಿಯಲ್ಲಿ ಉಳಿಸಿ ತಿಂಗಳು ತಿಂಗಳೂ ಸಂಘದ ಡಬ್ಬಿಗೆ ಬಾವ್-ಚು ಹಾಕುತ್ತಿದ್ದ ನೋಟನ್ನು ಯಾರು ಕಂಡಿದ್ದಾರೆ? ಬಸ್ಸಿನಲ್ಲಿ ಎಲ್ಲರೂ ವೆನ್-ಚಿ ತಂದ ಅನಾನಸ್ ಕೇಕಿಗೆ ಮುಗಿಬಿದ್ದರು. ಬಾವ್-ಚು ಬೆಳಗಿನ ಜಾವ ಎದ್ದು ಚಹಾದಲ್ಲಿ ಬೇಯಿಸಿ ತಂದ ಮೊಟ್ಟೆಗಳು ಚೀಲದಲ್ಲೇ ಉಳಿದವು.

ಅದನ್ನೆಲ್ಲ ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾರದ್ದು ಈ ಅಂಕಿ. ಬಾವ್-ಚುವಿನದು ಏಳನೇ ನಂಬರು. ಹನ್ನೊಂದು ಚಳಿಗಾಲ ದಕ್ಷಿಣದ ಕಣಿವೆಯಲ್ಲಿ ಕೂತು ಸಾವಿರಾರು ನೇರಳೆ ಚಿಟ್ಟೆಗಳ ರೆಕ್ಕೆಗೆ ಏಳು ಎಂದು ಬರೆದು ಹಾರಿಬಿಟ್ಟಿದ್ದಳು. ವಸಂತದಲ್ಲಿ ಅವು ಉತ್ತರಕ್ಕೆ ಹೊರಡುತ್ತವೆ. ದೂರದಲ್ಲೆಲ್ಲಾದರೂ ಯಾರದೋ ಬಲೆಗೆ ಸಿಕ್ಕಿದರೆ, ಬರೆದವರ ಹೆಸರು ಸಂಘದ ಹಲಗೆಯ ಮೇಲೆ ಏರುತ್ತದೆ. ವೆನ್-ಚಿಯ ಹೆಸರು ಮೊದಲ ವರ್ಷವೇ ಎರಡು ಸಲ ಏರಿತ್ತು. ಬಾವ್-ಚುವಿನ ಹೆಸರು ಒಂದು ಸಲವೂ ಇಲ್ಲ.

"ಅಕ್ಕಾ, ಏನಾದ್ರೂ ಸಿಕ್ತಾ?" ಪೊದೆಯಾಚೆಯಿಂದ ವೆನ್-ಚಿಯ ಕೂಗು ಬಂತು.

"ಏನಿಲ್ಲಮ್ಮ, ಬರೀ ಖಾಲಿ ರೆಕ್ಕೆಗಳು!"

ಹಾಗೆಂದವಳೇ ಬಾವ್-ಚು ಹೆಬ್ಬೆರಳಿನಿಂದ ಆ ಅಂಕಿಯನ್ನು ಉಜ್ಜಿದಳು. ಒಮ್ಮೆಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಉಜ್ಜಿದಳು. ಶಾಯಿಯ ಜೊತೆಗೆ ರೆಕ್ಕೆಯ ಬಣ್ಣವೂ ಎದ್ದು ಬಂತು. ಬಿಟ್ಟಾಗ ಚಿಟ್ಟೆ ಹಾರಲಿಲ್ಲ, ಹುಲ್ಲಿನ ಮೇಲೆ ಓರೆಯಾಗಿ ಕೂತಿತು. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ಚಿಟ್ಟೆಗೂ ನೋವಾಗಿರಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕಾ! ಅಕ್ಕಾ! ಏಳು! ನಿಮ್ಮ ಏಳು!"

ವೆನ್-ಚಿ ಟೋಪಿ ಬಿದ್ದದ್ದೂ ತಿಳಿಯದೆ ಓಡಿ ಬಂದಳು. ಎರಡು ಬೆರಳ ನಡುವೆ ಹಗುರವಾಗಿ ಹಿಡಿದ ಚಿಟ್ಟೆಯ ರೆಕ್ಕೆಯ ಮೇಲೆ ಬಾವ್-ಚುವಿನದೇ ಅಕ್ಷರ, ಅವಳದೇ ಏಳು. ಬರೆದದ್ದು ಜನವರಿಯಲ್ಲಿ. ಹಿಂದೆಯೇ ಸಂಘದ ಲಿಯಾಂಗ್ ಮೇಷ್ಟ್ರು ಏದುಸಿರು ಬಿಡುತ್ತ ಬಂದರು.

"ಅಂತೂ ಬಂತಲ್ಲ ನಿಮ್ಮ ಸವಾರಿ! ನಾನಂತೂ ನಿಮ್ಮ ಚಿಟ್ಟೆಗಳೆಲ್ಲ ಸಮುದ್ರಕ್ಕೇ ಹೋಗಿ ಬೀಳ್ತವೆ ಅಂದ್ಕೊಂಡಿದ್ದೆ," ಎಂದು ಅವರು ಫೋನು ತೆಗೆದರು. "ಹೂಂ, ಕೈಯಲ್ಲಿ ಹಿಡ್ಕೊಳ್ಳಿ. ಫೋಟೋ ಹಲಗೆ ಮೇಲೆ ಹಾಕ್ಬೇಕು."

ಬಾವ್-ಚು ಬಲಗೈಯನ್ನು ಜೇಬಿನಿಂದ ತೆಗೆಯಲಿಲ್ಲ.

"ನೀನೇ ಹಿಡ್ಕೊಮ್ಮ. ಹಿಡಿದವಳು ನೀನಲ್ವಾ."

"ಏನ್ ಮಾತು ಅಂತ ಆಡ್ತೀರಾ? ಹನ್ನೊಂದು ವರ್ಷ ಕಾದಿದೀರಿ. ಕೊಡಿ ಕೈ," ಎಂದು ವೆನ್-ಚಿ ಸಲಿಗೆಯಿಂದ ಅವಳ ಕೈ ಎಳೆದಳು. ಹೆಬ್ಬೆರಳ ತುಂಬ ನೇರಳೆ ಪುಡಿ, ಅದರ ನಡುವೆ ಬಿಳಿ ಶಾಯಿ. ವೆನ್-ಚಿಯ ನಗು ನಿಂತಿತು. ಅವಳು ಹುಲ್ಲಿನ ಮೇಲೆ ಓರೆಯಾಗಿ ಕೂತಿದ್ದ ಚಿಟ್ಟೆಯನ್ನು ನೋಡಿದಳು, ಆಮೇಲೆ ಬಾವ್-ಚುವಿನ ಮುಖ ನೋಡಿದಳು.

ಬೈದರೆ ಬೈಯಲಿ, ಮೇಷ್ಟ್ರಿಗೆ ಹೇಳಿದರೆ ಹೇಳಲಿ ಎಂದು ಬಾವ್-ಚು ಕಾದಳು. ಹಾಗಾದರೂ ಆದರೆ ಇಬ್ಬರೂ ಸಮಸಮ ಆಗುತ್ತಿದ್ದರು.

ವೆನ್-ಚಿ ಮೇಷ್ಟ್ರಿಗೆ ಬೆನ್ನು ಮಾಡಿ ನಿಂತು, ಸೊಂಟದಿಂದ ಕರವಸ್ತ್ರ ಎಳೆದು ಆ ಹೆಬ್ಬೆರಳನ್ನು ಚೊಕ್ಕವಾಗಿ ಒರೆಸಿದಳು. ಏಳನೇ ನಂಬರಿನ ಚಿಟ್ಟೆಯನ್ನು ಅವಳ ಬೆರಳುಗಳ ನಡುವೆ ಇಟ್ಟಳು.

"ಈಗ ನಗಿ ಅಕ್ಕ," ಎಂದಳು.