ಹದಿನಾಲ್ಕು ಚೌಕಗಳು

"ಇದೂ ಕಸ," ಎಂದು ಯಜಮಾನಿಯವರು ಒಂಬತ್ತನೆಯ ಚೌಕವನ್ನು ಹಳೆಯ ಬಕೆಟ್ಟಿಗೆ ಎಸೆದರು.

ಅಂಗೈಯಗಲದ ಉಲ್ಲನ್ ತುಂಡು. ಬಿದ್ದ ಸದ್ದೇ ಆಗಲಿಲ್ಲ. ಆದರೂ ಎದುರಿಗೆ ಕೂತಿದ್ದ ಸೊಸೆ ಬೆಚ್ಚಿದಳು. ಅವಳಿಗೆ ಏಳು ತಿಂಗಳು. ಚೌಕಗಳನ್ನು ಜೋಡಿಸಿದರೆ ಆಗುವ ಹೊದಿಕೆ ಅವಳ ಹೊಟ್ಟೆಯಲ್ಲಿರುವ ಕೂಸಿಗೆ. ನಲವತ್ತೆರಡು ಚೌಕ, ಹಾಕುವವರು ಮೂವರು: ಅತ್ತೆ, ಸೊಸೆ, ಮಗಳು. ತಲೆಗೆ ಹದಿನಾಲ್ಕು. ಒಂದೇ ಹಳದಿ ದಾರ, ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಒಂದೇ ಮಾದರಿ, ಮುಗಿಸಿದ್ದೆಲ್ಲ ಒಂದೇ ಬುಟ್ಟಿಗೆ. ಈ ಕಟ್ಟಳೆ ಮಾಡಿದ್ದು ಯಜಮಾನಿಯವರೇ. ಯಾರದು ಯಾವುದೆಂದು ತಿಳಿಯದಿದ್ದರೆ ತೀರ್ಪಿನಲ್ಲಿ ಪಕ್ಷಪಾತ ಇರುವುದಿಲ್ಲವಂತೆ.

ತೀರ್ಪು ಕೊಡುವವರೂ ಅವರೇ. ನಲವತ್ತು ವರ್ಷ ಕ್ರೋಶಾ ಕಡ್ಡಿ ಹಿಡಿದ ಕೈ ಅದು. ಟೀವಿಗೆ, ಫೋನಿಗೆ, ನೀರಿನ ಹೂಜಿಗೆ, ಕೊನೆಗೆ ಯಜಮಾನರ ಬೋಳುತಲೆಗೂ ಅಂಗಿ ತೊಡಿಸಿದ ಕೈ.

ಸೊಸೆಯ ಕೈಗೆಲಸದ ಬಗ್ಗೆ ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ತವರಿನಲ್ಲಿ ಕಲಿತದ್ದು, ಅಲ್ಲಿ ಏನು ತಾನೇ ಕಲಿಸಿರುತ್ತಾರೆ? ಹೋದ ತಿಂಗಳು ಕೂಸಿಗೆಂದು ಅವಳು ಹೆಣೆದ ಟೋಪಿ ಈಗ ಒಲೆಯ ಪಕ್ಕದಲ್ಲಿದೆ. ಬಿಸಿ ಪಾತ್ರೆ ಇಳಿಸಲು ಚೆನ್ನಾಗಿ ಒದಗುತ್ತದೆ. ಅದನ್ನು ನೋಡಿಯೂ ಸೊಸೆ ತುಟಿ ಪಿಟ್ಟೆನ್ನಲಿಲ್ಲ. ಅಂದಮೇಲೆ ಒಪ್ಪಿಕೊಂಡ ಹಾಗೆಯೇ ಲೆಕ್ಕ.

ಮಗಳೂ ಅಷ್ಟಕ್ಕಷ್ಟೇ. ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ತೋರಿಸಿದರೂ, "ಎಲ್ಲಾ ಉಲ್ಟಾಪಲ್ಟಾ ಆಗುತ್ತಮ್ಮ," ಎಂದು ಎದ್ದು ಹೋಗುತ್ತಿದ್ದಳು. ದೊಡ್ಡವಳಾಗಿ, ಶಾಲೆಯಲ್ಲಿ ಟೀಚರ್ ಆದ ಮೇಲೆ ಫೋನಿನಲ್ಲಿ ವೀಡಿಯೋ ನೋಡಿ ಕಲಿತಳು. ಹೆತ್ತ ತಾಯಿಗಿಂತ ಫೋನು ಹೆಚ್ಚಾಯಿತು.

"ಕತ್ತರಿ ಕೊಡು."

ಸೊಸೆ ಕೊಟ್ಟಳು. ಅಂಗಡಿಯವನಿಗೆ ಹೇಳಿ ತರಿಸಿದ ಕತ್ತರಿ. ಯಜಮಾನಿಯವರ ಕೈಯಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಹೋಗುತ್ತದೆ. ಸೊಸೆ ಹಿಡಿದರೆ ದಾರ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಕತ್ತರಿ ಹಿಡಿಯಲೂ ಬಾರದವಳು ನಾಳೆ ಮಗು ಹಿಡಿಯುತ್ತಾಳಂತೆ!

ಚೌಕಗಳನ್ನು ಯಜಮಾನಿಯವರು ಪರೀಕ್ಷಿಸುತ್ತಿದ್ದುದು ಬೆರಳಿನಿಂದ. ಕಣ್ಣಿಗೇನೂ ಆಗಿರಲಿಲ್ಲ. ಈಗಿನ ಬಲ್ಬುಗಳೇ ಮಂಕು. ಈಗಿನ ಸೂಜಿಗಳಿಗೆ ತೂತು ಕೊರೆಯುವವರೇ ಸೋಮಾರಿಗಳು. ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದ ತಪ್ಪಿಗೆ ಯಜಮಾನರ ಜೊತೆ ಮೂರು ದಿನ ಮಾತು ಬಿಟ್ಟಿದ್ದರು.

"ಇಲ್ಲಿ ಎರಡು ಕುಣಿಕೆ ಬಿಟ್ಟುಹೋಗಿದೆ. ಇಲ್ಲಿ ಒಂದರೊಳಗೇ ಮೂರು ತುರುಕಿದೆ. ಥೂ! ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಕಿದ ಹಾಗಿದೆ."

"ಕಣ್ಣು ಕಾಣದೇನೋ ಪಾಪ," ಎಂದಳು ಸೊಸೆ.

ಬುಟ್ಟಿಯ ತಪಾಸಣೆ ಮುಗಿಯಿತು. ಮಗಳು ಬಕೆಟ್ಟಿನಲ್ಲಿದ್ದುದನ್ನು ಮೇಜಿನ ಮೇಲೆ ಸುರಿದು ಎಣಿಸಿದಳು. ಸರಿಯಾಗಿ ಹದಿನಾಲ್ಕು. ಅಪ್ಪ ಪೇಪರ್ ಓದುವ ಭೂತಗನ್ನಡಿ ತಂದು ಒಂದೊಂದನ್ನೇ ನೋಡಿದಳು. ಬುಟ್ಟಿಯಲ್ಲಿದ್ದುದನ್ನೂ ನೋಡಿದಳು.

"ಅಮ್ಮಾ, ಇದು ವಿಚಿತ್ರ. ನೀನು ಎಸೆದಿದ್ದೆಲ್ಲ ಗಡಿಯಾರದ ಮುಳ್ಳು ಹೋಗೋ ಕಡೆಗೆ ಸುತ್ತಿದೆ. ಬುಟ್ಟಿಯಲ್ಲಿರೋದೆಲ್ಲ ಅದಕ್ಕೆ ವಿರುದ್ಧ."

ಯಜಮಾನಿಯವರ ಮುಖ ಅರಳಿತು. "ನಾನು ಹೇಳಲಿಲ್ವಾ? ಒಬ್ಬಳದೇ ಕೈ! ಹದಿನಾಲ್ಕಕ್ಕೆ ಹದಿನಾಲ್ಕೂ ಕಸ. ಯಾವ ಕಡೆ ಸುತ್ತಬೇಕು ಅನ್ನೋದೂ ಗೊತ್ತಿಲ್ಲ." ಹೆಸರು ಹೇಳಲಿಲ್ಲ, ಸೊಸೆಯ ಕಡೆ ನೋಡಿದರು, ಅಷ್ಟೇ.

"ಅವು ನನ್ನವಲ್ಲ ಅತ್ತೆ," ಎಂದಳು ಸೊಸೆ. "ಟೋಪಿ ಹೋಯ್ತು, ಹೋಗಲಿ. ನನ್ನ ಮಗು ಹೊದೆಯೋದರಲ್ಲಿ ನನ್ನ ಕೈಯದ್ದೂ ಇರಲಿ ಅಂತ ಎಷ್ಟು ಆಸೆಯಿಂದ ಹಾಕಿದೀನಿ ಗೊತ್ತಾ?"

"ಹಾಗಾದ್ರೆ ಇಲ್ಲೇ, ನನ್ನೆದುರಿಗೇ ಹಾಕಿ ತೋರಿಸು. ಯಾರ ಸುತ್ತು ಆ ಕಡೆ ಹೋಗುತ್ತೋ ಅವರ ಒಂದೆಳೆ ದಾರವೂ ನನ್ನ ಮೊಮ್ಮಗುವಿನ ಮೈಗೆ ತಾಗಬಾರದು. ಇನ್ನು ಈ ಮನೆಯಲ್ಲಿ ಅವರು ಕಡ್ಡಿ ಮುಟ್ಟಲೂಬಾರದು."

"ಯಾರೇ ಆದ್ರೂ?" ಸೊಸೆ ಕೇಳಿದಳು.

"ಯಾರೇ ಆದ್ರೂ. ನನ್ನ ಮಾತು ಅಂದ್ರೆ ಮಾತು."

ಮೂಲೆಯ ಕುರ್ಚಿಯಲ್ಲಿದ್ದ ಯಜಮಾನರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಮೊದಲು ಮಗಳು ಹಾಕಿದಳು. ಸುತ್ತು ಗಡಿಯಾರಕ್ಕೆ ವಿರುದ್ಧ ಹೋಯಿತು. ಆಮೇಲೆ ಸೊಸೆ. ಕುಣಿಕೆಗಳು ಸಾಲಾಗಿ ಬಿದ್ದವು. ಅವಳದೂ ವಿರುದ್ಧವೇ. ಯಜಮಾನಿಯವರು ಆ ಚೌಕವನ್ನು ಎರಡು ಸಲ ತಡವಿದರು. ತಪ್ಪು ಸಿಗಲಿಲ್ಲ. ನೋಡುವವರಿದ್ದಾಗ ಎಲ್ಲರೂ ಜಾಣರೇ ಎಂದುಕೊಂಡರು.

ಸೊಸೆ ಕಡ್ಡಿ, ದಾರ ಎರಡನ್ನೂ ತಂದು ಅವರ ಮುಂದಿಟ್ಟಳು.

"ಇನ್ನು ನೀವು, ಅತ್ತೆ."

"ನನಗೂ ಪರೀಕ್ಷೆನಾ?" ಯಜಮಾನಿಯವರು ಮನಸಾರೆ ನಕ್ಕರು. "ಆಯ್ತು. ಕಣ್ಣು ಬಿಟ್ಟು ನೋಡಿ, ಈಗಲಾದ್ರೂ ಕಲಿತುಕೊಳ್ಳಿ."

ಅವರು ಎದ್ದು ಸೋಫಾದ ತುದಿಯ ತಮ್ಮ ಜಾಗಕ್ಕೆ ಹೋದರು. ನಡುವೆ ಕೂತರೆ ಪಕ್ಕದವರ ಮೊಣಕೈ ಯಾವಾಗಲೂ ಬಂದು ತಗಲುತ್ತದೆ. ಈ ಮನೆಯಲ್ಲಿ ಯಾರಿಗೂ ಸರಿಯಾಗಿ ಕೂರಲೂ ಬರುವುದಿಲ್ಲ. ಆರಾಮವಾಗಿ ಒರಗಿ, ದಾರ ಬೆರಳಿಗೆ ಸುತ್ತಿಕೊಂಡರು.

ಆಮೇಲೆ ನಲವತ್ತು ವರ್ಷದಿಂದ ಹಿಡಿಯುತ್ತಿದ್ದಂತೆಯೇ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು ಸುತ್ತು ಶುರು ಮಾಡಿದರು. ಅದು ಗಡಿಯಾರದ ಮುಳ್ಳಿನ ಜೊತೆಯಲ್ಲೇ ಹೊರಟಿತು.