ಆಟದ ಗೋಡೆ

ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ದಾಳ ಉರುಳಿಸಿ ಯುದ್ಧವಾಡುವುದು ಆ ಅಣ್ಣತಮ್ಮಂದಿರಿಗೆ ಚಿಕ್ಕಂದಿನ ಹುಚ್ಚು. ಅದಕ್ಕೆ ಕೋಟೆ ಕಟ್ಟುವುದು ಯಾವಾಗಲೂ ತಮ್ಮ ಚಿದುವಿನ ಕೆಲಸ. ವರ್ಷದಿಂದ ಮುನಿಸಿಕೊಂಡಿದ್ದ ಅಣ್ಣ ಅವತ್ತು ತಾನಾಗಿಯೇ ಬಂದು ಕೂತ.

"ಈ ಸಲ ನಮ್ಮನೇನೇ ಕಟ್ಟೋ. ಹಿತ್ತಲೂ ಇರ್ಲಿ, ಅಳತೆ ತಪ್ಪಬಾರ್ದು. ನಡುವೆ ಒಂದು ಗೋಡೆ ಹಾಕು. ಆ ಕಡೆ ನನ್ನ ಸೈನ್ಯ, ಈ ಕಡೆ ನಿಂದು."

ಚಿದು ಹಿಗ್ಗಿಹೋದ. ಟೇಪು ಹಿಡಿದು ಮನೆಯೆಲ್ಲ ಅಳೆದ. ಥರ್ಮೋಕೋಲ್ ಕೊಯ್ದು, ಗೋಡೆಯ ಮೇಲೆ ಇಟ್ಟಿಗೆಯ ಗೆರೆಗಳನ್ನು ಗೀರಿ ಬಣ್ಣ ಬಳಿದ. ಹಳೆಯ ಬಳೆಯೊಂದನ್ನು ಅಂಟಿಸಿ ಹಿತ್ತಲಿನ ಬಾವಿಯನ್ನೂ ಮಾಡಿದ.

"ಬಾವಿ ಯಾರ ಕಡೆಗೆ, ಅಣ್ಣಾ?"

"ನಂಗಿರ್ಲಿ ಬಿಡೋ."

"ತಗೋ! ಬಾವಿ ಇದ್ರೂ ನೀನು ಸೋಲೋನೇ," ಎಂದು ಚಿದು ನಕ್ಕ.

ಭಾನುವಾರ ಬೆಳಿಗ್ಗೆ ಚಿದು ದಾಳಗಳನ್ನು ಜೇಬಿಗೆ ಹಾಕಿಕೊಂಡು ಬಂದರೆ ಮೇಜು ಖಾಲಿ. ಹಿತ್ತಲಲ್ಲಿ ಇಟ್ಟಿಗೆ ರಾಶಿ ಬಿದ್ದಿತ್ತು. ಗಾರೆಯವನು ಆ ಪುಟ್ಟ ಮನೆಯನ್ನು ಎದುರಿಗಿಟ್ಟುಕೊಂಡು, ನೆಲದುದ್ದಕ್ಕೂ ದಾರ ಕಟ್ಟುತ್ತಿದ್ದ. ಪಕ್ಕದಲ್ಲಿ ಅಣ್ಣ ನಿಂತಿದ್ದ.

"ಬಾವಿ ಪೂರಾ ನಿಮ್ಗೇ ಬಂತಲ್ಲ ಸಾರ್. ತಮ್ಮ ಗಲಾಟೆ ಮಾಡಲ್ವಾ?"

ಅಣ್ಣ ಚಿದುವನ್ನು ನೋಡಿಯೂ ನೋಡದವನಂತೆ ಹೇಳಿದ: "ಗೋಡೆ ಎಳೆದಿದ್ದೇ ಅವನು ಕಣಯ್ಯಾ. ಬಾವೀನೂ ಅವನೇ ನಗ್‌ನಗ್ತಾ ಕೊಟ್ಟಿದ್ದು."